ಬೆಲೆ ಇಳಿದ್ರೆ ಒಳ್ಳೇದೇ ಅಲ್ವಾ?

ಮೊನ್ನೆ ಶನಿವಾರ ದಿನಸಿ ತಂದು ಬಿಲ್ಲು ನೋಡ್ತಾ ಕೂತಿದ್ದೆ. ಮಗಳು ಇಣುಕಿ ನೋಡಿ, "ಅಪ್ಪಾ, ಎಲ್ಲದರ ಬೆಲೆನೂ ಇಳಿದುಬಿಟ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?" ಅಂದಳು. ಹೌದು ಅನ್ನೋಕೆ ಬಾಯಿ ತೆರೆದವನು ಸುಮ್ಮನಾದೆ. ಅಂಥದ್ದೊಂದು ವರ್ಷವನ್ನು ನಾನು ಇಲ್ಲೇ ನ್ಯೂಜೆರ್ಸಿಯಲ್ಲಿ ನೋಡಿದ್ದೇನೆ - 2009.

ಆ ಕಥೆಗೆ ಮೊದಲು ಊರಿನದ್ದೊಂದು ಕಥೆ ಹೇಳಬೇಕು. ನಮ್ಮಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದರು. ತಿಂಗಳ ಕಂತು ನಾನೂರು ರೂಪಾಯಿ, ಸಂಬಳದ ಮೂರನೇ ಒಂದು ಭಾಗ. ಮನೆಗೆ ತರೋ ಹಾಲನ್ನು ಅಮ್ಮ ಅರ್ಧಕ್ಕೆ ಇಳಿಸಿದ್ದು ನನಗಿನ್ನೂ ನೆನಪಿದೆ. ಆದರೆ ಬೆಲೆಗಳು ಏರಿದ ಹಾಗೆ ತುಟ್ಟಿಭತ್ಯೆಯೂ ಏರಿತು, ಸಂಬಳವೂ ಏರಿತು. ಕಂತು ಮಾತ್ರ ಅದೇ ನಾನೂರು! ಕೊನೆಕೊನೆಗೆ ಅದನ್ನು ಕಟ್ಟೋದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ದಿನಾ ಬೈಯುತ್ತಿದ್ದ ಹಣದುಬ್ಬರವೇ ಅವರ ಸಾಲಕ್ಕೆ ಅರ್ಧ ಹೆಗಲು ಕೊಟ್ಟಿತ್ತು. ಅದರ ಬೆಲೆ ತೆತ್ತವಳು ಅಜ್ಜಿ. ಅವಳ ಡೆಪಾಸಿಟ್ಟಿನ ಬಡ್ಡಿಯಲ್ಲಿ ಮೊದಲು ತಿಂಗಳ ಖರ್ಚು ನಡೆಯುತ್ತಿತ್ತು, ಆಮೇಲೆ ಬರೀ ಔಷಧಿ ಖರ್ಚು...

2006ರಲ್ಲಿ ನಾನು ಇಲ್ಲಿ ಮನೆ ಕೊಂಡಾಗ ತಲೆಯಲ್ಲಿದ್ದದ್ದು ಅಪ್ಪನ ಲೆಕ್ಕವೇ. ಮೂವತ್ತು ವರ್ಷದ ಸಾಲ, ಶೇ. 6 ಬಡ್ಡಿ, ಸಂಬಳ ಹೇಗೂ ಏರುತ್ತಲ್ಲ ಅಂತ. ಆಮೇಲೆ 2008 ಬಂತು. ಜುಲೈನಲ್ಲಿ ಗ್ಯಾಲನ್‌ಗೆ 4 ಡಾಲರ್ ದಾಟಿದ್ದ ಪೆಟ್ರೋಲು ಡಿಸೆಂಬರ್ ಹೊತ್ತಿಗೆ 2 ಡಾಲರಿಗಿಂತ ಕೆಳಗೆ! 2009ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇ. 2ರಷ್ಟು ಕಡಿಮೆ ಇದ್ದವು. ಖುಷಿ ಪಡಬೇಕಿತ್ತು ತಾನೇ? ಆದರೆ ಆಫೀಸಿನಲ್ಲಿ ಎಲ್ಲರ ಸಂಬಳ ಶೇ. 5 ಕತ್ತರಿಸಿದರು, ಪಕ್ಕದ ಎರಡು ಕ್ಯೂಬಿಕಲ್ ಖಾಲಿಯಾದವು, ನನ್ನ ಮನೆಯ ಬೆಲೆ ಸಾಲಕ್ಕಿಂತ ಕೆಳಗೆ ಹೋಯಿತು. ಕಂತು ಒಂದು ಸೆಂಟೂ ಇಳಿಯಲಿಲ್ಲ.

ಡಿಫ್ಲೇಶನ್ನಿನ ಒಳಗುಟ್ಟು ಇಷ್ಟೇ ನೋಡಿ. ಎಲ್ಲವೂ ಇಳಿಯುತ್ತೆ, ಸಾಲ ಇಳಿಯಲ್ಲ. ಶೇ. 6 ಬಡ್ಡಿಯ ಸಾಲವಿದ್ದು ಬೆಲೆಗಳು ಶೇ. 3 ಏರಿದರೆ ನಿಜವಾದ ಬಡ್ಡಿ ಸುಮಾರು 3. ಅದೇ ಬೆಲೆಗಳು ಶೇ. 2 ಇಳಿದರೆ ನಿಜವಾದ ಬಡ್ಡಿ 8! ಇದನ್ನು 1933ರಲ್ಲೇ ವಿವರಿಸಿದವರು ಅರ್ವಿಂಗ್ ಫಿಶರ್ ಅನ್ನೋ ಅರ್ಥಶಾಸ್ತ್ರಜ್ಞ. 1929ರ ಷೇರು ಕುಸಿತದಲ್ಲಿ ಸ್ವತಃ ಆಸ್ತಿ ಕಳೆದುಕೊಂಡವರು ಪಾಪ. ಸಾಲ ತೀರಿಸೋಕೆ ಎಲ್ಲರೂ ಒಟ್ಟಿಗೆ ಇದ್ದದ್ದನ್ನು ಮಾರಲು ಹೊರಟರೆ ಬೆಲೆ ಇನ್ನಷ್ಟು ಬೀಳುತ್ತೆ, ಉಳಿದ ಸಾಲ ಇನ್ನಷ್ಟು ಭಾರವಾಗುತ್ತೆ ಅಂದರು. 1929ರಿಂದ 1933ರೊಳಗೆ ಅಮೆರಿಕದಲ್ಲಿ ಬೆಲೆಗಳು ಕಾಲುಭಾಗ ಬಿದ್ದವು, ಸಾವಿರಾರು ಬ್ಯಾಂಕು ಮುಚ್ಚಿದವು, ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ.

ಹಾಗಂತ ಬೆಲೆ ಇಳಿಯೋದೆಲ್ಲ ಕೆಟ್ಟದ್ದಲ್ಲ. ಟೀವಿ, ಕಂಪ್ಯೂಟರ್ ಅಗ್ಗವಾಗಿದ್ದು ತಯಾರಿಸೋ ವಿದ್ಯೆ ಸುಧಾರಿಸಿದ್ದರಿಂದ. ಜನ ಕೊಳ್ಳೋದು ನಿಲ್ಲಿಸಿ, ಬ್ಯಾಂಕುಗಳು ಸಾಲ ಕೊಡೋದು ನಿಲ್ಲಿಸಿ ಎಲ್ಲದರ ಬೆಲೆಯೂ ಬೀಳತೊಡಗಿದರೆ ಅದು ರೋಗ. ಹಣದುಬ್ಬರ ಬಂದರೆ ಬಡ್ಡಿ ದರವನ್ನು ಎಷ್ಟು ಬೇಕಾದರೂ ಏರಿಸಬಹುದು. ಇಳಿಸೋಕೆ ಹೊರಟರೆ ಸೊನ್ನೆಯ ಹತ್ತಿರ ಕಾಲು ನೆಲಕ್ಕೆ ತಾಗುತ್ತೆ. ಜಪಾನ್ 1999ರಲ್ಲೇ ಬಡ್ಡಿಯನ್ನು ಸೊನ್ನೆಗೆ ತಂದಿತು, ಆದರೂ ವರ್ಷಗಟ್ಟಲೆ ಹೊರಬರಲಾಗಲಿಲ್ಲ. ಅಲ್ಲಿ ಗಾರಿಗಾರಿ-ಕುನ್ ಅನ್ನೋ ಐಸ್‌ಕ್ಯಾಂಡಿ ಇದೆ. 25 ವರ್ಷದ ನಂತರ, 2016ರಲ್ಲಿ ಅದರ ಬೆಲೆಯನ್ನು 60 ಯೆನ್‌ನಿಂದ 70ಕ್ಕೆ ಏರಿಸಿದಾಗ ಕಂಪನಿಯವರು ಟೀವಿ ಜಾಹೀರಾತಿನಲ್ಲಿ ಸಾಲಾಗಿ ನಿಂತು ತಲೆಬಾಗಿ ಕ್ಷಮೆ ಕೇಳಿದರು! ನಮಗೆ ನಗು ಬರುತ್ತೆ. ಆದರೆ ಬೆಲೆ ಏರಿಸೋಕೆ ಅಷ್ಟು ಹೆದರೋ ಕಡೆ ಸಂಬಳ ಏರಿಸೋ ಧೈರ್ಯ ಎಲ್ಲಿಂದ ಬರಬೇಕು ಹೇಳಿ?

ಇನ್ನೊಂದು ಮಾತು. 2022ರ ಜೂನ್‌ನಲ್ಲಿ ಇಲ್ಲಿ ಶೇ. 9.1 ಇದ್ದ ಹಣದುಬ್ಬರ ವರ್ಷದೊಳಗೆ 3ಕ್ಕೆ ಇಳಿಯಿತು. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ, ಏರೋ ವೇಗ ಕಡಿಮೆಯಾಯಿತು ಅಂತ. ಅದಕ್ಕೇ ನನ್ನ ದಿನಸಿ ಬಿಲ್ಲು ಹಳೆಯ ಅಂಕಿಗೆ ವಾಪಸ್ ಹೋಗಲೇ ಇಲ್ಲ.

ನಮ್ಮ 2009ರ ಇಳಿತ ವರ್ಷ ಮುಗಿಯೋದರೊಳಗೆ ನಿಂತಿತು. ಕೆಲಸ ಉಳಿಯಿತು, ಮನೆಯೂ ಉಳಿಯಿತು. ಪಕ್ಕದ ಬೀದಿಯ ಸ್ನೇಹಿತರೊಬ್ಬರು ಕೀಲಿಕೈ ಬ್ಯಾಂಕಿಗೆ ಕೊಟ್ಟು ಊರಿಗೆ ಹೊರಟರು. ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವಾಗ ಅಗ್ಗದ ಪೆಟ್ರೋಲನ್ನು ಟ್ಯಾಂಕ್ ತುಂಬ ಹಾಕಿಸಿದ್ದೆ.

ಮಗಳಿಗೆ ಇಷ್ಟೆಲ್ಲಾ ಹೇಳಲಿಲ್ಲ. "ಬೆಲೆ ಇಳಿಯೋದು ಬೇಡ ಪುಟ್ಟಾ, ನಿಧಾನಕ್ಕೆ ಏರಿದ್ರೆ ಸಾಕು" ಅಂದೆ. ಅಪ್ಪನಿಗೆ ತಲೆ ಕೆಟ್ಟಿದೆ ಅನ್ನೋ ಹಾಗೆ ನೋಡಿ ಎದ್ದು ಹೋದಳು.