ಹೋಗಿ ಬಂದವರ ಊಸರವಳ್ಳಿ ಸಂಕಟ

ಅಮೆರಿಕದ ಇಥಾಕಾ ಪಟ್ಟಣದಲ್ಲಿ, ಕಯುಗಾ ಸರೋವರದ ದಂಡೆಯ ಮೇಲೆ ವಾರಾಂತ್ಯಕ್ಕೆ ರೈತರ ಸಂತೆ ಸೇರುತ್ತದೆ. ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ಸೇಬು ಆರಿಸುತ್ತ, ಬೆಲೆ ಜಾಸ್ತಿಯಾಯಿತೆಂದು ಕನ್ನಡದಲ್ಲೇ ಗೊಣಗುತ್ತಿದ್ದೆ. ಪಕ್ಕದಲ್ಲಿದ್ದ ಬಿಳಿ ಹುಡುಗಿ ತಟ್ಟನೆ ತಿರುಗಿ, "ಅಂಕಲ್, ಮೈಸೂರಾ?" ಎಂದಳು. ಆಮೇಲೆ ಸೇಬಿನ ಮಾತು ಯಾರಿಗೆ ಬೇಕು?

ಅವಳು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ವಿಷಯ ಓದುವವಳು. ಅಲ್ಲಿಯ ಬೇಸಿಗೆ ರಜೆ ಎಂದರೆ ನಮ್ಮ ಮುಂಗಾರು. ಆ ರಜೆಯನ್ನು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಲ್ಲಿ ನೆನೆದುಕೊಂಡೇ ಕಳೆದು ಬಂದಿದ್ದಳು. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಮೈಸೂರು ಮೆಡಿಕಲ್ ಕಾಲೇಜಿನ ಗೆಳೆಯರು ಕಟ್ಟಿದ, ಆ ಹಾಡಿಗಳಲ್ಲಿ ಕೆಲಸ ಮಾಡುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ಗೂ ಕಾರ್ನೆಲ್‌ಗೂ ಇರುವ ನಂಟು ಮೈಸೂರು ಭಾಗದವರಿಗೆ ಹೊಸತಲ್ಲ. ಅಲ್ಲಿಯ ಜೇನುಕುರುಬರು, ಕಾಡುಕುರುಬರು ಕಬಿನಿ ಅಣೆಕಟ್ಟಿಗೂ ಹುಲಿ ಯೋಜನೆಗೂ ನೆಲೆ ಕಳೆದುಕೊಂಡ ಕಥೆಯನ್ನೂ ಇಲ್ಲಿ ಮತ್ತೆ ಹೇಳಬೇಕಿಲ್ಲ. ಆ ಹುಡುಗಿ ನನಗೆ ಅದನ್ನು ಸವಿವರವಾಗಿ ಹೇಳಿದಳು. ನಾನೂ ಗೊತ್ತಿಲ್ಲದವನಂತೆ ಕೇಳಿಸಿಕೊಂಡೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳು ಮನೆಗೆ ಮರಳಿದ ಮೇಲಿನ ಕಥೆ. "ಇಂಡಿಯಾ ಹೇಗಿತ್ತು ಅಂತ ಎಲ್ಲರೂ ಕೇಳ್ತಾರೆ. ನಾನು ಎರಡನೇ ವಾಕ್ಯ ಶುರು ಮಾಡೋದರೊಳಗೆ ಫೋನ್ ನೋಡ್ತಾರೆ" ಎಂದಳು. ಅದಕ್ಕೇ ಮೂರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅಜ್ಜಿಗೆ ಕಬಿನಿಯ ಆನೆ, ಗೆಳತಿಯರಿಗೆ ಆಟೋ ಮತ್ತು ಮಸಾಲೆ ದೋಸೆ, ಕೆಲಸದ ಸಂದರ್ಶನಕ್ಕೆ ನಾಯಕತ್ವ ಗುಣದ ಬಗ್ಗೆ ನಾಲ್ಕು ಮಾತು. ನಾಲ್ಕನೆಯದೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಗರ್ಭಿಣಿಯರ ತಪಾಸಣೆಯ ವಿವರವನ್ನು ಪುಸ್ತಕಕ್ಕೆ ಏರಿಸುತ್ತಿದ್ದಾಗ ಹಾಡಿಯ ಹೆಂಗಸೊಬ್ಬಳು ಕೇಳಿದ್ದಳಂತೆ: "ನೀನು ಹೋದ ಮೇಲೆ ಇದನ್ನ ಯಾರವ್ವಾ ಬರೀತಾರೆ?"

ಹೊಲದ ನಡುವಿನ ಕಾಲೇಜು

ಪರದೇಶಕ್ಕೆ ಹೋದವರು ಮೊದಲು ಹಿಗ್ಗಿ, ನಂತರ ಕುಗ್ಗಿ, ಮತ್ತೆ ಚೇತರಿಸಿಕೊಳ್ಳುತ್ತಾರೆ ಎಂದು ಪಂಡಿತರು ಹಿಂದೆಯೇ ಬರೆದಿದ್ದರು. ಮನೆಗೆ ಮರಳಿದ ಮೇಲೂ ಅದೇ ಏರಿಳಿತ ಇನ್ನೊಮ್ಮೆ ಬರುತ್ತದೆ ಎಂದು 1963ರಲ್ಲಿ ಸೇರಿಸಿದವರು ಜಾನ್ ಮತ್ತು ಜೀನ್ ಗಲಾಹಾರ್ನ್ ದಂಪತಿ. ಗೆರೆ ಎಳೆದು ತೋರಿಸುವ ಇಂಥ ಸಿದ್ಧಾಂತಗಳ ಮೇಲೆ ನನಗೆ ಅಂಥ ವಿಶ್ವಾಸವಿಲ್ಲ. ಮನುಷ್ಯ ಕುಗ್ಗುವುದಕ್ಕೆ ವೇಳಾಪಟ್ಟಿ ಇರುವುದಿಲ್ಲ.

ಆದರೆ ರಿಚರ್ಡ್ ಕೀಲಿ ಎಂಬ ಅಧ್ಯಾಪಕರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನಕ್ಕೆ ನಾನು ಮರುಳಾಗಿದ್ದೇನೆ. ನಿಕರಾಗುವಾದ ಕೆರಿಬಿಯನ್ ಕರಾವಳಿಯ ಪೋರ್ಟೊ ಕಬೆಸಾಸ್ ಎಂಬ ಬಡ ಪಟ್ಟಣಕ್ಕೆ ಹೋಗಿ ಆರೋಗ್ಯ ಶಿಬಿರ ನಡೆಸಿ ಬಂದ ವಿದ್ಯಾರ್ಥಿಗಳನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿ ಮಾತಾಡಿಸಿದರು. ಎಲ್ಲರ ಲೋಕದೃಷ್ಟಿಯೂ ಅಲ್ಲಿ ಬುಡಮಟ್ಟ ಅಲುಗಾಡಿತ್ತು. ಆದರೆ ಮನೆಗೆ ಬಂದವರು, ಬದಲಾದ ವಿಚಾರ ಬಾಯಿಬಿಟ್ಟರೆ ನೆಂಟರಿಷ್ಟರಿಗೆ ಬೇಡವಾಗುತ್ತೇವೆಂದು ಅಂಜಿ, ಎದುರಿಗಿದ್ದವರಿಗೆ ತಕ್ಕ ಬಣ್ಣ ತಾಳಿದರು. ಕೀಲಿ ಇದಕ್ಕೆ ಊಸರವಳ್ಳಿಯ ಹೆಸರನ್ನೇ ಇಟ್ಟರು. ಸಂತೆಯ ಹುಡುಗಿಯ ಮೂರು ಉತ್ತರ ಕೇಳಿದ ನನಗೆ ಪುರಾವೆ ಬೇರೆ ಬೇಕಿರಲಿಲ್ಲ.

ಆ ವಿದ್ಯಾರ್ಥಿಗಳು ಓದಿದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಲ್ಲ, ಇಥಾಕಾದ ಪಕ್ಕದ ಡ್ರೈಡನ್‌ನಲ್ಲಿರುವ ಟಾಂಪ್ಕಿನ್ಸ್ ಕಾರ್ಟ್‌ಲ್ಯಾಂಡ್ ಕಮ್ಯುನಿಟಿ ಕಾಲೇಜಿನಲ್ಲಿ. ಇದು ತಿಳಿದದ್ದೇ ಮಗಳಿಗೆ ದುಂಬಾಲು ಬಿದ್ದು ಕಾರು ಹೊರಡಿಸಿದೆ. ನಮ್ಮ ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಂತೆ, ಸುತ್ತಲಿನ ಊರುಗಳ ಮಕ್ಕಳು ಮನೆಯಿಂದಲೇ ಬಂದು ಓದಿಹೋಗುವ ಜಾಗ. "ಅಪ್ಪಾ, ಇಲ್ಲಿ ನೋಡೋಕೆ ಏನಿದೆ?" ಎಂದು ಮಗಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಆವರಣವನ್ನು ಪೂರ್ತಿ ಸುತ್ತಿದೆ. ಸಿರಿವಂತ ಕಾಲೇಜಿನವರಿಗೆ ಪರದೇಶ ಒಂದು ರಜೆಯಾಗಿ ಮುಗಿಯಬಹುದು. ಇಂಥಲ್ಲಿಂದ ಹೋದವರು ಮರಳಿ ಬರುವುದು ಅದೇ ಅಡುಗೆಮನೆಗೆ, ಅದೇ ಪಾರ್ಟ್ ಟೈಮ್ ಕೆಲಸಕ್ಕೆ. ಸಂಕಟ ಅಲ್ಲಿ ಬೇಗ ಕಣ್ಣಿಗೆ ಬಿದ್ದಿರಬೇಕು ಎಂಬುದು ನನ್ನ ಊಹೆ.

ಸಹಾಯ ಯಾರಿಗೆ?

ಇಂಥ ಸೇವಾ ಪ್ರವಾಸಗಳ ಬಗ್ಗೆ ಕಟುವಾದ ಪ್ರಶ್ನೆ ಹಾಕಿದವರು ಚಿಂತಕ ಇವಾನ್ ಇಲ್ಲಿಚ್. 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಸಭೆಯಲ್ಲೇ ನಿಂತು, ನಿಮ್ಮ ಒಳ್ಳೆಯತನ ಅಲ್ಲಿಯವರ ಮೇಲಿನ ಹೇರಿಕೆ, ಬೇಕಿದ್ದರೆ ಕಲಿಯಲು ಬನ್ನಿ, ಉದ್ಧಾರಕ್ಕೆ ಬರಬೇಡಿ ಎಂದು ಝಾಡಿಸಿದರು. ಅರ್ಧಕ್ಕಿಂತ ಹೆಚ್ಚು ನಾನು ಇಲ್ಲಿಚ್ ಪಕ್ಷವೇ. ವಿಮಾನದ ಟಿಕೆಟ್ಟಿನ ದುಡ್ಡು ಹಾಡಿಗೇ ಹೋಗಿದ್ದರೆ ಎಂಬ ಲೆಕ್ಕ ನನ್ನ ತಲೆಯಲ್ಲೂ ಓಡುತ್ತದೆ. ಕೆಲವೇ ವಾರಗಳಲ್ಲಿ ಹುಡುಗಿಯೊಬ್ಬಳು ಹಾಡಿಗೆ ಕೊಟ್ಟದ್ದಕ್ಕಿಂತ ಅಲ್ಲಿಂದ ಪಡೆದದ್ದೇ ಹೆಚ್ಚು. ಅದನ್ನು ಒಪ್ಪಿಕೊಂಡವಳೂ ಅವಳೇ.

ಪಡೆದದ್ದನ್ನು ಏನು ಮಾಡಿದಳು? ಇಥಾಕಾದ ಸುತ್ತಮುತ್ತ ಹಾಲಿನ ಫಾರಂಗಳಿವೆ. ಅಲ್ಲಿ ಹಸು ಕರೆಯುವವರಲ್ಲಿ ಮೆಕ್ಸಿಕೋ, ಗ್ವಾಟೆಮಾಲಾದಿಂದ ಬಂದವರು ಬಹಳ. ಕಾಗದಪತ್ರ ಇಲ್ಲದವರು ಆಸ್ಪತ್ರೆಗೆ ಹೋಗಲೂ ಹೆದರುತ್ತಾರೆ. ಈಗ ಅವಳು ಶನಿವಾರಗಳಲ್ಲಿ ನರ್ಸ್ ಒಬ್ಬರ ಜೊತೆ ಹೋಗಿ ಅವರ ಆರೋಗ್ಯದ ದಾಖಲೆ ಬರೆಯುತ್ತಾಳೆ. ಜೊತೆಗೆ ಒಬ್ಬ ಕೆಲಸಗಾರನ ಹೆಂಡತಿಗೂ ಅದನ್ನು ಬರೆಯಲು ಕಲಿಸುತ್ತಿದ್ದಾಳೆ. ಹಾಡಿಯ ಹೆಂಗಸಿನ ಪ್ರಶ್ನೆಗೆ ಅವಳು ಕಂಡುಕೊಂಡ ಉತ್ತರ ಇದು. ಹುಟ್ಟಿದ ಊರಿನ ಪಕ್ಕದಲ್ಲೇ ಇಂಥವರಿದ್ದಾರೆಂದು ಹೆಗ್ಗಡದೇವನಕೋಟೆಗೆ ಹೋಗುವ ತನಕ ತಾನು ಗಮನಿಸಿರಲಿಲ್ಲ ಎಂದಳು. ಇಲ್ಲಿಚ್ ಕೇಳಿಸಿಕೊಂಡಿದ್ದರೆ ಅವರ ದನಿಯೂ ಒಂದಿಷ್ಟು ತಗ್ಗುತ್ತಿತ್ತೇನೋ.

ನಮ್ಮಲ್ಲೂ ಇಂಥ ಸೇವಾ ಪ್ರವಾಸದ ಬಡ ನೆಂಟನೊಬ್ಬನಿದ್ದಾನೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಯ ಕೆಲಸ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಎಷ್ಟೋ ಕಡೆ ಸಮಾರೋಪದ ಭಾಷಣ, ಗುಂಪು ಫೋಟೊ, ಪ್ರಮಾಣಪತ್ರದೊಂದಿಗೆ ಎಲ್ಲ ಮುಗಿಯುತ್ತದೆ. ಬಸ್ಸಿಳಿದ ಹುಡುಗರು ಮನೆಯಲ್ಲಿ ಏನು ಹೇಳಿದರು, ಏನು ನುಂಗಿಕೊಂಡರು ಎಂದು ಕೇಳುವವರು ಯಾರು?

ಯೋಜನಾಧಿಕಾರಿಗಳಲ್ಲಿ ಒಂದು ವಿನಂತಿ. ಶಿಬಿರ ಮುಗಿದ ತಿಂಗಳಿಗೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಮಕ್ಕಳನ್ನು ಕೂರಿಸಿ, ಆ ಹಳ್ಳಿಯಿಂದಲೂ ಇಬ್ಬರನ್ನು ಕರೆಸಿ. ಹಾರ, ವೇದಿಕೆ, ಅತಿಥಿ ಯಾವುದೂ ಬೇಡ. ಅವರು ಮಾತಾಡಲಿ, ನೀವು ಕೇಳಿ.