ಸುಣ್ಣದ ಸತ್ವ ಅಳೆಯುವ ಬಗೆ

ಕಾಫಿ ತೋಟದ ಹುಳಿಮಣ್ಣಿಗೆಂದು ನಾವು ಲೋಡುಗಟ್ಟಲೆ ಸುಣ್ಣಕಲ್ಲಿನ ಪುಡಿ ತರಿಸುತ್ತೇವೆ. ಅದರಲ್ಲಿ ಸುಣ್ಣವೆಷ್ಟು, ಮರಳೆಷ್ಟು ಎಂಬುದು ಕಣ್ಣಿಗೆ ತಿಳಿಯದು. ಕಲಬೆರಕೆಯಾದರೆ ಹಣವೂ ಹೋಯಿತು, ಮಣ್ಣಿನ ಹುಳಿಯೂ ಉಳಿಯಿತು. ಇದನ್ನು ಅಳೆಯುವ ವಿಧಾನವೇ ಟೈಟ್ರೇಷನ್. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ನಮ್ಮ ಮಕ್ಕಳು ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರು, ಇದನ್ನು ಮಾಡಬಲ್ಲರು.

ತತ್ತ್ವ ಸರಳ. ಸುಣ್ಣಕ್ಕೆ ಗೊತ್ತಾದ ಅಳತೆಯ ಆಮ್ಲ ಕೊಡುವುದು. ಮಿಕ್ಕ ಆಮ್ಲವನ್ನು ಕಾಸ್ಟಿಕ್ ಸೋಡದಿಂದ ಅಳೆಯುವುದು. ಕಳೆದರೆ ಸುಣ್ಣ ತಿಂದದ್ದೆಷ್ಟೆಂದು ಸಿಗುತ್ತದೆ.

ಹಲವು ಚೀಲಗಳಿಂದ ತೆಗೆದು ಬೆರೆಸಿ, ಒಣಗಿಸಿ, ನುಣ್ಣಗೆ ಅರೆದ ಪುಡಿಯಲ್ಲಿ ಸರಿಯಾಗಿ 1 ಗ್ರಾಂ ತೂಗಿ ಶಂಕುವಿನಾಕಾರದ ಗಾಜಿನ ಪಾತ್ರೆಗೆ ಹಾಕಬೇಕು. ಅರ್ಧ ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ. ಪಿಪೆಟ್ಟಿನಿಂದ ಬಿಟ್ಟು, 5 ನಿಮಿಷ ಸಣ್ಣಗೆ ಕುದಿಸಬೇಕು. ಇಂಗಾಲಾಮ್ಲ ಅನಿಲ ಉಳಿದರೆ ಅದೂ ಸೋಡ ತಿಂದು ಲೆಕ್ಕ ಕೆಡಿಸುತ್ತದೆ. ಆರಿದ ಮೇಲೆ ಫಿನಾಲ್ಫ್ತಲೀನ್ 2-3 ಹನಿ.

ಬ್ಯೂರೆಟ್ಟನ್ನು ಅದೇ ಅರ್ಧ ನಾರ್ಮಲ್ ಸೋಡ ದ್ರಾವಣದಿಂದಲೇ ತೊಳೆದು ತುಂಬಬೇಕು. ಬರಿಯ ನೀರಿನಿಂದ ತೊಳೆದು ಬಿಟ್ಟರೆ ದ್ರಾವಣ ತೆಳುವಾಗುತ್ತದೆ. ತುದಿಯ ಗಾಳಿಗುಳ್ಳೆ ಹೋಗಬೇಕು, ಆಲಿಕೆ ತೆಗೆಯಬೇಕು. ದ್ರಾವಣದ ಬಾಗಿದ ಮೇಲ್ಮೈಯ ತಳವನ್ನು ಕಣ್ಣಿನ ಮಟ್ಟದಲ್ಲಿಟ್ಟು ಓದಬೇಕು. ಪಾತ್ರೆಯ ಕೆಳಗೆ ಬಿಳಿ ಹಂಚಿಟ್ಟು, ಅಲುಗಾಡಿಸುತ್ತ ಸೋಡ ಬಿಡಬೇಕು. ಗುಲಾಬಿ ಬಣ್ಣ ಮೂಡಿ ಮಾಯವಾಗಲು ತಡವಾದಾಗ ಹನಿಹನಿಯಾಗಿ. ತಿಳಿಗುಲಾಬಿ ಅರ್ಧ ನಿಮಿಷ ನಿಂತರೆ ಅದೇ ಕೊನೆ. ಕಡುಗುಲಾಬಿಯಾದರೆ ಹದ ಮೀರಿತೆಂದೇ ಅರ್ಥ. ಪ್ರತಿಸಲ ಹೊಸದಾಗಿ 1 ಗ್ರಾಂ ತೂಗಿ ಮೂರು ಬಾರಿ ಮಾಡಿ, ಒಂದಕ್ಕೊಂದು ಹೊಂದುವ ಅಳತೆಗಳನ್ನೇ ನಂಬಬೇಕು.

ಸೋಡ 16 ಮಿ.ಲೀ. ಹಿಡಿಯಿತೆನ್ನಿ. 50ರಲ್ಲಿ 16 ಕಳೆದರೆ 34, ಅದನ್ನು 2.5ರಿಂದ ಗುಣಿಸಿದರೆ 85. ಸುಣ್ಣದ ಸತ್ವ ಶೇಕಡ 85. ಅಂದರೆ 1,000 ಕಿಲೋ ಶುದ್ಧ ಸುಣ್ಣಕಲ್ಲಿನ ಕೆಲಸಕ್ಕೆ ಇದು ಸುಮಾರು 1,176 ಕಿಲೋ ಬೇಕು. ಅರಳಿಸಿದ ಸುಣ್ಣವಾದರೆ ಅರ್ಧ ಗ್ರಾಂ ತೆಗೆದುಕೊಂಡು 5ರಿಂದ ಗುಣಿಸಬೇಕು. ಅದು ಹೆಚ್ಚು ಆಮ್ಲ ತಿನ್ನುತ್ತದೆ.

ಒಂದು ಹನಿಯೆಂದರೆ ಸುಮಾರು 0.05 ಮಿ.ಲೀ.; ಅದರ ತಪ್ಪು ಅಲ್ಪ. ಆದರೆ 1 ಮಿ.ಲೀ. ತಪ್ಪಿದರೆ ಶೇಕಡ 2.5 ತಪ್ಪಿತು. 10 ಟನ್ ಲೋಡಿನಲ್ಲಿ ಅದು 250 ಕಿಲೋ, 50 ಕಿಲೋದ 5 ಚೀಲ!

ಎಚ್ಚರಿಕೆ: ಆಮ್ಲ ತೆಳುಮಾಡುವಾಗ ನೀರಿಗೆ ಆಮ್ಲ ಹಾಕಬೇಕೇ ವಿನಾ ಆಮ್ಲಕ್ಕೆ ನೀರಲ್ಲ.

ಅಡಿಕೆ ಬೆಳೆಗಾರರಿಗೂ ಇದು ಹೊಸತಲ್ಲ. ಬೋರ್ಡೋ ದ್ರಾವಣದಲ್ಲಿ ಹೊಳೆಯುವ ಚಾಕು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವುದೂ ಇದೇ ಜಾತಿಯ ಪರೀಕ್ಷೆ. ಚಾಕು ಸಾಲದೆಂದು ಹೇಳುತ್ತದೆ. ಬ್ಯೂರೆಟ್ ಎಷ್ಟೆಂದು ಹೇಳುತ್ತದೆ. ಮುಂದಿನ ಲೋಡಿಗೆ ಹಣ ಕೊಡುವ ಮೊದಲು ಒಂದು ಹಿಡಿ ಪುಡಿಯನ್ನು ಪರೀಕ್ಷೆಗೆ ಕೊಡೋಣ.