ಅಜ್ಜಿಗೆ ಒಬ್ಬಟ್ಟು ಯಾಕೆ ರುಚಿಸುತ್ತಿಲ್ಲ?

ಯುಗಾದಿಗೆ ಯಲಹಂಕದ ನಮ್ಮ ಮನೆಯಲ್ಲಿ ಈಗಲೂ ಒಬ್ಬಟ್ಟು ತಟ್ಟುವವಳು ನಾನೇ. ತಿನ್ನುವಾಗ ಮಾತ್ರ ನನಗೆ ಒಂದು ಚೂರು ಸಾಕು. "ಅಜ್ಜಿ, ಡಾಕ್ಟರು ಹೊಟ್ಟೆ ಜೊತೆ ನಿನ್ನ ನಾಲಿಗೇನೂ ಕತ್ತರಿಸಿಬಿಟ್ರಾ?" ಎಂದು ನಾಲ್ಕನೇ ತರಗತಿಯ ಮೊಮ್ಮಗ ಕೇಳಿದ. ಮಕ್ಕಳಿಗೂ ನನ್ನ ವಾರಗೆಯವರಿಗೂ ತಿಳಿದಿರಲೆಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ತೂಕ 104 ಕಿಲೋ ಇತ್ತು. ಸಕ್ಕರೆ ಕಾಯಿಲೆ, ಮಂಡಿನೋವು ಎರಡೂ ಹೆಚ್ಚಾದಾಗ ವೈದ್ಯರು 'ಸ್ಲೀವ್ ಗ್ಯಾಸ್ಟ್ರೆಕ್ಟಮಿ' ಎಂಬ ಶಸ್ತ್ರಚಿಕಿತ್ಸೆಗೆ ಸಲಹೆ ಕೊಟ್ಟರು. ಸ್ಲೀವ್ ಎಂದರೆ ಅಂಗಿಯ ತೋಳು. ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ತೋಳಿನಂಥ ಕಿರಿದಾದ ಕೊಳವೆ ಮಾಡುತ್ತಾರೆ. ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಜಠರ ಮೊದಮೊದಲು ಒಂದು ಕಾಫಿ ಲೋಟದಷ್ಟೇ ಹಿಡಿಯುತ್ತದೆ.

ಹಸಿವಿನ ಸುದ್ದಿ

ನಾಲಿಗೆಯನ್ನು ಯಾರೂ ಮುಟ್ಟಿಲ್ಲ. ಆದರೆ ರುಚಿ ಬರೀ ನಾಲಿಗೆಯ ವಿಷಯವಲ್ಲ. ಹಸಿವಾಗಿದೆ ಎಂದು ಮಿದುಳಿಗೆ ತಿಳಿಸುವ 'ಗ್ರೆಲಿನ್' ಎಂಬ ಹಾರ್ಮೋನು ಮುಖ್ಯವಾಗಿ ಜಠರದ ಮೇಲ್ಭಾಗದಲ್ಲಿ ಹುಟ್ಟುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಪತ್ತೆಹಚ್ಚಿದರು. ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವೇ ಹೋಗುವುದರಿಂದ ಗ್ರೆಲಿನ್ ಕಡಿಮೆಯಾಗುತ್ತದೆ. ಊಟವಾದ ಮೇಲೆ 'ಸಾಕು' ಎನ್ನುವ ಕರುಳಿನ ಹಾರ್ಮೋನುಗಳು ಹೆಚ್ಚಾಗುತ್ತವೆ. ಹಸಿದವನಿಗೆ ಗಂಜಿಯೂ ರುಚಿ. ಹಸಿವೇ ಕುಗ್ಗಿದರೆ ಕೇಸರಿಬಾತೂ ಸಪ್ಪೆ.

ನನಗೆ ಎರಡು ಚಮಚ ಸಕ್ಕರೆಯ ಕಾಫಿ ಪಾನಕದಂತೆ ಕಂಡಿತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಆದರೆ ಉಪ್ಸಾರು, ಗಟ್ಟಿ ಮೊಸರು, ಚಳಿಗಾಲದ ಹಿದುಕಿದ ಅವರೆಬೇಳೆ ಸಾರು ಬಹಳ ಹಿಡಿಸಿದವು. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಕೆಲವರಿಗೆ ಮಾಂಸದ ವಾಸನೆ ಸೇರುವುದಿಲ್ಲ, ಕೆಲವರಿಗೆ ಏನೂ ಬದಲಾಗುವುದಿಲ್ಲ. ಹಲವರಿಗೆ ಕೆಲವು ತಿಂಗಳಲ್ಲಿ ಹಳೆಯ ರುಚಿ ಮರಳುತ್ತದೆ. ನನಗೂ ಒಗ್ಗರಣೆ ಮತ್ತೆ ಒಗ್ಗಿದೆ.

ಮುದ್ದೆಯ ಚಿಂತೆ

ನನ್ನನ್ನು ನಿಜವಾಗಿ ಕಾಡಿದ್ದು ಮುದ್ದೆ. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ನಮ್ಮವ್ವ ಕಲಿಸಿದ್ದಳು. ಈಗ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಲೇಬೇಕು. ಇಲ್ಲವಾದರೆ ಸಿಕ್ಕಿಕೊಂಡು ಎದೆ ನೋಯುತ್ತದೆ. ಅರವತ್ತು ವರ್ಷದ ಅಭ್ಯಾಸ ಬಿಡುವುದು ಸುಲಭವಲ್ಲ. ರಾಗಿಯನ್ನು ಮಾತ್ರ ಬಿಡಲಿಲ್ಲ. ಮಜ್ಜಿಗೆ ಬೆರೆಸಿದ ಅಂಬಲಿ, ತೆಳ್ಳಗಿನ ರಾಗಿ ದೋಸೆ ನನಗೆ ಒಗ್ಗಿವೆ. ಊಟಕ್ಕೆ ಕೂತರೆ ಮೊದಲು ಮೊಟ್ಟೆ, ಬೇಳೆ, ಪನೀರ್‌ನಂಥ ಪ್ರೋಟೀನು, ಆಮೇಲೆ ತರಕಾರಿ, ಕೊನೆಗೆ ಅನ್ನ. ನೀರು ಊಟವಾದ ಅರ್ಧ ಗಂಟೆಯ ಮೇಲೆ.

ಬಲವಂತ ಬೇಡ

ಗೌರಿ ಹಬ್ಬದಲ್ಲಿ ನೆಂಟರೊಬ್ಬರು "ಒಂದಕ್ಕೇನಾಗುತ್ತೆ, ತಿನ್ನಿ" ಎಂದು ಬಲವಂತವಾಗಿ ಎರಡು ಕಡುಬು ತಿನ್ನಿಸಿದರು. ಸ್ವಲ್ಪ ಹೊತ್ತಿನಲ್ಲೇ ಎದೆ ಡವಡವ, ಮೈಯೆಲ್ಲ ಬೆವರು, ತಲೆಸುತ್ತು. ಇದಕ್ಕೆ 'ಡಂಪಿಂಗ್' ಎನ್ನುತ್ತಾರೆ. ಸಿಹಿ ಒಮ್ಮೆಲೇ ಸಣ್ಣ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಬೈಪಾಸ್ ವಿಧಾನದ ಶಸ್ತ್ರಚಿಕಿತ್ಸೆ ಆದವರಿಗೆ ಇದು ಇನ್ನೂ ಹೆಚ್ಚು.

ಇದು ಸುಲಭದ ದಾರಿಯಲ್ಲ, ಎಲ್ಲರಿಗೂ ಬೇಕಾದ್ದೂ ಅಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಸತುವಿನ ಕೊರತೆಯಿಂದಲೂ ರುಚಿ ಕೆಡಬಹುದು. ವಾಂತಿ ನಿಲ್ಲದಿದ್ದರೆ ಅಥವಾ ಊಟವೇ ಸೇರದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ನಮ್ಮಲ್ಲಿ ಪ್ರೀತಿಯೆಂದರೆ ಇನ್ನೊಂದು ಸೌಟು ಬಡಿಸುವುದು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಸಣ್ಣ ಬಟ್ಟಲಲ್ಲಿ ಬಡಿಸಿ, ಅವರು ನಿಧಾನವಾಗಿ ಉಣ್ಣುವವರೆಗೂ ಜೊತೆಗೆ ಕೂತು ಮಾತಾಡಿ. ಮಕ್ಕಳೇ, ದಪ್ಪಗಿರುವವರನ್ನು ಯಾವತ್ತೂ ಆಡಿಕೊಳ್ಳಬೇಡಿ. ಬದಲಿಗೆ ಸಂಜೆ ಅಜ್ಜಿಯ ಕೈ ಹಿಡಿದು ಕೆರೆಯ ದಂಡೆಯಲ್ಲಿ ಒಂದು ಸುತ್ತು ನಡೆಯಿರಿ.